ಬೀಮ್‌ಲೈನ್ ಮೇಡಂ ಅವರಿಗೆ, ಉಳಿದ ಎಲ್ಲರಿಗೆ

ಕೆಸರಿನ ಆರ್ಸೆನಿಕ್ ಕುರಿತ ನಮ್ಮ ಲೇಖನ ಕೊನೆಗೂ ಸ್ವೀಕೃತವಾಗಿದೆ. ಅದರಲ್ಲಿ ಏನಿದೆ, ಯಾಕೆ ಇಷ್ಟು ತಡವಾಯಿತು ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು ಕೋರ್ (ಕೊಳವೆಯಲ್ಲಿ ಎತ್ತಿದ ಕೆಸರಿನ ಕಂಬ) ತೆಗೆದವರಿಗೆ, ಸಾರಜನಕ ತುಂಬಿದ ಗ್ಲೋವ್ ಬಾಕ್ಸ್‌ನಲ್ಲಿ ಅದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದವರಿಗೆ, ಮಾದರಿಗಳನ್ನು ಡ್ರೈ ಐಸ್‌ನಲ್ಲಿಟ್ಟು ಕರಗದಂತೆ ತಲುಪಿಸಿದವರಿಗೆ, ಬೀಮ್ (ಕ್ಷ-ಕಿರಣ ಪುಂಜ) ಬಳಸುವ ಸಮಯದ ಅರ್ಜಿ ತಿದ್ದಿಕೊಟ್ಟವರಿಗೆ, ಸುರಕ್ಷತಾ ವಿಭಾಗದವರಿಗೆ, ಎಲ್ಲರಿಗೂ ಕೈಮುಗಿದು ಧನ್ಯವಾದ.

ಇನ್ನು ಬೀಮ್‌ಲೈನ್, ಅಂದರೆ ಆ ಕಿರಣ ಬಳಸುವ ಪ್ರಯೋಗ ಕೇಂದ್ರ, ನೋಡಿಕೊಳ್ಳುವ ಮೇಡಂ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಅವರು ಮಾಡಿದ್ದನ್ನು ಬರೆಯಬೇಡಿ ಎಂದೇನೂ ಹೇಳಿಲ್ಲ.

ಕೆಸರಿನಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಯಾವ ಒಳ್ಳೆಯ ಪ್ರಯೋಗಾಲಯವಾದರೂ ಹೇಳುತ್ತದೆ. ಯಾವ ರೂಪದಲ್ಲಿದೆ ಎಂದು ಮಾದರಿಯನ್ನು ಕರಗಿಸದೆ, ಇದ್ದ ಹಾಗೇ ನೋಡಬೇಕಾದಾಗ ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ಸುತ್ತು ಹಾದಿಯಲ್ಲಿ ಓಡಿಸಿ ತೀವ್ರ ಕ್ಷ-ಕಿರಣ ಹುಟ್ಟಿಸುವ ಯಂತ್ರ) ಬೇಕು. ಕ್ಷ-ಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ ಮೂರರ ಉತ್ಕರ್ಷಣ ಸ್ಥಿತಿಯ ಆರ್ಸೆನಿಕ್‌ನ ಹೀರಿಕೆಯ ಶಿಖರ ಸುಮಾರು 11,871 ಎಲೆಕ್ಟ್ರಾನ್ ವೋಲ್ಟ್‌ನಲ್ಲೂ, ಐದರ ಸ್ಥಿತಿಯದು ಸುಮಾರು 11,875ರಲ್ಲೂ ಏಳುತ್ತದೆ. ನಮ್ಮ ಇಡೀ ಲೇಖನ ನಿಂತಿರುವುದು ಈ 4 ಎಲೆಕ್ಟ್ರಾನ್ ವೋಲ್ಟ್ ಅಂತರದ ಮೇಲೆ. ತೊಂದರೆ ಏನೆಂದರೆ, ಒದ್ದೆ ಕೆಸರಿನ ಮೇಲೆ ಬೀಮ್ ಬಿದ್ದಾಗ ನೀರು ಒಡೆದು, ತಟ್ಟನೆ ಪ್ರತಿಕ್ರಿಯಿಸುವ ತುಣುಕುಗಳಾದ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಮೂರರಲ್ಲಿದ್ದ ಆರ್ಸೆನಿಕ್ ಕಣ್ಣೆದುರೇ ಐದಕ್ಕೆ ಏರುತ್ತದೆ. ಸಾವಯವ ಪದಾರ್ಥ ಹೆಚ್ಚಿದ್ದರೆ ಇದರ ಉಲ್ಟಾ ಆಗುವುದೂ ಉಂಟು. ಸ್ಪೆಕ್ಟ್ರಮ್ (ಶಕ್ತಿಗೆ ತಕ್ಕಂತೆ ಹೀರಿಕೆ ತೋರಿಸುವ ಗೆರೆ) ಮಾತ್ರ ನುಣ್ಣಗೆ, ಚೆಂದವಾಗಿಯೇ ಬರುತ್ತದೆ. ಹಾಗಾಗಿ ಅನುಮಾನವೇ ಬರುವುದಿಲ್ಲ.

ಮೇಡಂ ಮೊದಲು ಹಾಕಿಸಿದ್ದು ಒಂದೇ ಜಾಗದಲ್ಲಿ ಹತ್ತು ಚುಟುಕು ಸ್ಕ್ಯಾನ್. ಒಂದರ ಮೇಲೊಂದು ಇಟ್ಟು ನೋಡಿದರೆ ಎಡಗಡೆಯ ಶಿಖರ ತಗ್ಗುತ್ತ, ಬಲಗಡೆಯದು ಏರುತ್ತ ಹೋಗಿತ್ತು. ಅಲ್ಲಿಂದ ಮುಂದಿನದೆಲ್ಲ ಅವರ ಲೆಕ್ಕಾಚಾರ: ಬೀಮ್ ಹಾದಿಯಲ್ಲಿ ಫಿಲ್ಟರ್ ಇಟ್ಟು ತೀವ್ರತೆ ತಗ್ಗಿಸುವುದು, ಫೋಕಸ್ ಬಿಡಿಸಿ ಕಲೆಯನ್ನು ಅಗಲ ಮಾಡುವುದು, ದ್ರವ ಸಾರಜನಕದಲ್ಲಿ ಮಾದರಿಯನ್ನು ಹೆಪ್ಪುಗಟ್ಟಿಸಿ ಸುಮಾರು 100 ಕೆಲ್ವಿನ್‌ನ ಅನಿಲಧಾರೆಯಲ್ಲಿ ಇಡುವುದು, ಒಂದು ಜಾಗಕ್ಕೆ ಒಂದೇ ಸ್ಕ್ಯಾನ್. ಚಳಿಯಲ್ಲಿ ರ‍್ಯಾಡಿಕಲ್‌ಗಳು ಹುಟ್ಟುವುದು ನಿಲ್ಲದು, ಅವುಗಳ ಓಡಾಟ ನಿಲ್ಲುತ್ತದೆ, ನಮಗೆ ಅಷ್ಟು ಸಾಕು. ಆದರೆ ಹಚ್‌ನ (ಮಾದರಿ ಇಡುವ, ವಿಕಿರಣ ತಡೆಯುವ ಕೋಣೆಯ) ಗಾಳಿಯಲ್ಲಿ ತೇವವಿದ್ದರೆ ಮಾದರಿ ಮುಚ್ಚಿದ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ, ಚದುರಿದ ಕಿರಣ ಹೆಚ್ಚಿ ಡಿಟೆಕ್ಟರ್‌ಗೆ ಕಸ ತುಂಬುತ್ತದೆ. ಪ್ರತಿ ಸಲವೂ ಶಟರ್ ಮುಚ್ಚಿ, ಇಂಟರ್‌ಲಾಕ್ (ಸುರಕ್ಷತಾ ಬೀಗ) ಬಿಡಿಸಿ, ಒಳಗೆ ಹೋಗಿ, ದ್ರವ ಸಾರಜನಕ ಸುರಿದು ಹಿಮ ತೊಳೆದು, ಒಳಗೆ ಯಾರೂ ಇಲ್ಲವೆಂದು ನೋಡುತ್ತ ಮತ್ತೆ ಸರ್ಚ್ ಬಟನ್‌ಗಳನ್ನು ಒತ್ತಿ ಹೊರಬರಬೇಕು. ಸ್ವಲ್ಪವೂ ಬೇಸರಿಸದೆ ಅದನ್ನು ಮಾಡುತ್ತಲೇ ಇದ್ದರು.

ಇನ್ನೊಂದು ಕಾಟ ಕಬ್ಬಿಣದ್ದು. ನಮ್ಮ ಕೆಸರಿನಲ್ಲಿ ಆರ್ಸೆನಿಕ್ ಕಿಲೋಗೆ ಮಿಲಿಗ್ರಾಮ್ ಲೆಕ್ಕದಲ್ಲಿದ್ದರೆ ಕಬ್ಬಿಣ ಶೇಕಡಾ ಲೆಕ್ಕದಲ್ಲಿದೆ. ಅದರ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಪ್ರತಿದೀಪ್ತಿಯೇ (ಬೀಮ್ ಬಿದ್ದಾಗ ಅದು ಸೂಸುವ ಕ್ಷ-ಕಿರಣವೇ) ಡಿಟೆಕ್ಟರನ್ನು ಮುಳುಗಿಸಿ ಡೆಡ್ ಟೈಮ್ (ಡಿಟೆಕ್ಟರ್ ಎಣಿಸಲಾಗದ ಹೊತ್ತು) ಏರಿಸುತ್ತದೆ. ಮೇಡಂ ಡಿಟೆಕ್ಟರ್ ಮುಂದೆ 100 ಮೈಕ್ರಾನ್ ಅಲ್ಯೂಮಿನಿಯಮ್ ಹಾಳೆ ಅಂಟಿಸಿದರು. ಕಬ್ಬಿಣದ ಕಿರಣಗಳಲ್ಲಿ ನೂರಕ್ಕೆ ಏಳೆಂಟು ದಾಟಿದರೆ, 10.5ರ ಆರ್ಸೆನಿಕ್ ಕಿರಣಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ದಾಟುತ್ತವೆ. ಈ ವ್ಯಾಪಾರ ಲಾಭದ್ದೇ. ಆರ್ಸೆನಿಕ್ ಎಲ್ಲೆಲ್ಲಿದೆ ಎಂಬ ಸೂಕ್ಷ್ಮ ನಕ್ಷೆ ತೆಗೆಯುವಾಗಲೂ ಬೀಮ್ ಶಕ್ತಿಯನ್ನು 13,035 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗೇ ಇಟ್ಟರು. ಅದನ್ನು ದಾಟಿದರೆ ಸೀಸವೂ ಹೊಳೆಯುತ್ತದೆ, ಅದರ ರೇಖೆ ಆರ್ಸೆನಿಕ್ ರೇಖೆಯ ಮೇಲೇ ಬಂದು ಕೂರುತ್ತದೆ, ಯಾವುದು ಯಾವುದೆಂದು ಬಿಡಿಸಲಾಗದು.

ರಾತ್ರಿ ಸರಿಯುವ ಹೊತ್ತಿಗೆ ಬೀಮ್ ಹೋಯಿತು. ಅದೇ ಹೊತ್ತಿಗೆ ನಮ್ಮಲ್ಲೊಬ್ಬರಿಗೆ ಮನೆಯಿಂದ ಫೋನ್ ಬಂತು. ಅದರ ಬಗ್ಗೆ ಇಲ್ಲಿ ಬರೆಯಲಾರೆವು, ಬರೆಯಲು ಕೂತರೆ ಇವತ್ತಿಗೂ ಕೈ ಓಡುವುದಿಲ್ಲ. ಮೇಡಂ ಪಾಳಿ ಆಗಲೇ ಮುಗಿದಿತ್ತು. “ನೀವೆಲ್ಲ ಅವರ ಜೊತೆ ಹೊರಡಿ, ಸ್ಯಾಂಪಲ್ ನಾನು ನೋಡ್ಕೋತೀನಿ” ಅಂದರು. ಅಷ್ಟೇ ಅಂದಿದ್ದು.

ಆಮೇಲೆ ಅವರು ಮಾಡಿದ್ದು ನಮಗೆ ಗೊತ್ತಾದದ್ದು ಲಾಗ್‌ಬುಕ್‌ನಿಂದ. ಬೀಮ್ ಇಲ್ಲದಾಗ ಮೊನೊಕ್ರೊಮೇಟರ್‌ನ (ಬೇಕಾದ ಶಕ್ತಿಯ ಕಿರಣವನ್ನಷ್ಟೇ ಆರಿಸುವ ಸಾಧನದ) ಮೊದಲ ಹರಳು ತಣ್ಣಗಾಗಿರುತ್ತದೆ. ಬೀಮ್ ಮರಳಿದ ಮೇಲೆ ಅದು ಬಿಸಿಯಾಗಿ ನೆಲೆಗೊಳ್ಳುವ ತನಕ ಶಕ್ತಿ ಜಾರುತ್ತಿರುತ್ತದೆ. 4 ಎಲೆಕ್ಟ್ರಾನ್ ವೋಲ್ಟ್ ಅಂತರ ಅಳೆಯುವಲ್ಲಿ ಒಂದೇ ಒಂದು ಜಾರಿದರೂ ಕೆಲಸ ಕೆಟ್ಟಂತೆಯೇ. ಅವರು ಶಕ್ತಿಯ ಅಳತೆಗೆ ಗುರುತಾಗಿ ಬಳಸುವ ಚಿನ್ನದ ತೆಳುಹಾಳೆಯ ಸ್ಕ್ಯಾನ್ ಮತ್ತೆ ಮತ್ತೆ ಹಾಕಿ, ಒಂದರ ಹಿಂದೆ ಒಂದು ಬಂದ ಎರಡು ಸರಿಯಾಗಿ ಕೂಡುವ ತನಕ ಕಾದಿದ್ದಾರೆ. ಆಮೇಲೆ ಅದರ ಅಂಚನ್ನು (ಹೀರಿಕೆ ದಿಢೀರನೆ ಏರುವ ಶಕ್ತಿಯನ್ನು) 11,919ಕ್ಕೆ ಹೊಂದಿಸಿಯೇ ನಮ್ಮ ಮಾದರಿ ಮುಟ್ಟಿದ್ದಾರೆ. ಆಗ ಅಳೆಯುತ್ತಿದ್ದ ಕೆಸರಿನ ಪದರದ ಮಾದರಿ ಉಳಿದಿದ್ದುದು ಒಂದೇ ತುಣುಕು. ಪ್ರತಿ ಸಾಲಿನಲ್ಲೂ ಜಾಗದ ಅಂಕಿ, ಫಿಲ್ಟರ್, ಡೆಡ್ ಟೈಮ್, ಹಿಮ ತೊಳೆದ ವೇಳೆ. ಲೇಖನದ ಪರಿಶೀಲಕರು “ಇದು ಬೀಮ್ ಮಾಡಿದ್ದಲ್ಲ ಎನ್ನಲು ಏನು ಆಧಾರ?” ಎಂದು ಕೇಳಿದಾಗ ನಾವು ಕಳಿಸಿದ್ದು ಆ ಪುಟಗಳನ್ನೇ.

ಮಾನಕಗಳನ್ನು (ಹೋಲಿಕೆಗೆ ಬಳಸುವ, ರೂಪ ಗೊತ್ತಿರುವ ಆರ್ಸೆನಿಕ್ ಸಂಯುಕ್ತಗಳನ್ನು) ಬೋರಾನ್ ನೈಟ್ರೈಡ್‌ನಲ್ಲಿ ತೆಳುವಾಗಿ ಬೆರೆಸಿ ಅರೆದ ಹುಡುಗರಿಗೂ ಇಲ್ಲೇ ಥ್ಯಾಂಕ್ಸ್. ದಟ್ಟವಾಗಿಯೇ ಇಟ್ಟಿದ್ದರೆ ಸ್ವಯಂ-ಹೀರಿಕೆಯಿಂದ (ಮಾದರಿ ತನ್ನ ಸಂಕೇತವನ್ನು ತಾನೇ ತಗ್ಗಿಸುವುದರಿಂದ) ಶಿಖರ ಚಪ್ಪಟೆಯಾಗಿ ಹೋಲಿಕೆಯೇ ಹಳಿ ತಪ್ಪುತ್ತಿತ್ತು.

ಆ ಮಾನಕ ಸ್ಪೆಕ್ಟ್ರಮ್‌ಗಳು ಬೇಕಾದವರು ಕೇಳಿ, ಲಾಗ್‌ಬುಕ್‌ನ ಪ್ರತಿಯೊಂದಿಗೆ ಕಳಿಸುತ್ತೇವೆ. ಬಳಸುವಾಗ ನಿಮ್ಮ ಚಿನ್ನದ ಅಂಚನ್ನೂ 11,919ಕ್ಕೇ ಇಟ್ಟುಕೊಳ್ಳಿ. ಮಾದರಿಯ ಸ್ಪೆಕ್ಟ್ರಮನ್ನು ಮಾನಕಗಳ ಬೆರಕೆಯಾಗಿ ಹೊಂದಿಸಿ ನೋಡುವಾಗ ಶೇಕಡಾ ಐದಕ್ಕಿಂತ ಕಡಿಮೆ ಬಂದ ಅಂಶ ಇದೆ ಎಂದು ಹೇಳಲು ಹೋಗಬೇಡಿ, ಮೇಡಂ ಬಿಡುವುದಿಲ್ಲ.