ಆ ಒಂದು ಸೆಕೆಂಡಿಗೆ ಬೆನ್ನಾಗಿ ನಿಂತವರಿಗೆ

ವರದಿ ಒಪ್ಪಿಸಿ ಬಂದೆವು. ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ, ಇನ್ನೂ ಬಂದಿಲ್ಲ. ಪ್ರಯೋಗ ಏನು ಅನ್ನೋದು ನಿಮಗೆಲ್ಲ ಬಾಯಿಪಾಠ ಆಗಿದೆ, ಒಂದೇ ಸಾಲಲ್ಲಿ ಹೇಳಿ ಬಿಡ್ತೀನಿ: ಕಬ್ಬಿಣದ ಪುಡಿ ಬೆರೆಸಿದ ಎಣ್ಣೆಯನ್ನು ಪೆಟ್ಟಿಗೆಯಲ್ಲಿಟ್ಟು ಮೇಲಿಂದ ಬೀಳಿಸೋದು, ಬೀಳುವಾಗ ತೂಕವಿಲ್ಲದ ಆ ಕ್ಷಣದಲ್ಲಿ ಪುಡಿ ಅಯಸ್ಕಾಂತಕ್ಕೆ ಹೇಗೆ ಸಾಲುಗಟ್ಟುತ್ತದೆ ಅಂತ ನೋಡೋದು. ಜರ್ಮನಿಯ ಬ್ರೆಮೆನ್‌ನಲ್ಲಿ ಪೆಟ್ಟಿಗೆಯನ್ನು 110 ಮೀಟರ್ ಬೀಳಿಸುವ ಗೋಪುರ ಇದೆ. ಅಲ್ಲಿ ತೂಕವಿಲ್ಲದ ಸ್ಥಿತಿ 4.74 ಸೆಕೆಂಡ್ ಸಿಗುತ್ತದೆ. ನಮಗೆ ಸಿಕ್ಕಿದ್ದು ಕಾಫಿ ಗೋದಾಮಿನ ತೊಲೆ. ಸುಮಾರು 5 ಮೀಟರ್, ಒಂದೇ ಸೆಕೆಂಡ್.

ಗೋದಾಮು ಬಿಟ್ಟುಕೊಟ್ಟ ಸಾಹುಕಾರರಿಗೆ, ಕೆಳಗೆ ಹಾಸೋಕೆ ಕಾಫಿ ಹೊಟ್ಟಿನ ಮೂಟೆ ಹೊತ್ತವರಿಗೆ, ಗೋಣಿಕೊಪ್ಪದ ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ, ಬೈಯುತ್ತಲೇ ಸಹಿ ಹಾಕಿದ ಮೇಡಂಗೆ, ಎಲ್ಲರಿಗೂ ಥ್ಯಾಂಕ್ಸ್.

ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರಣ್ಣನ ವಿಷಯ ಮಾತ್ರ ಒಂದು ಸಾಲಲ್ಲಿ ಮುಗಿಯೋದಲ್ಲ.

ಪ್ರಯೋಗದ ಹಿಂದಿನ ರಾತ್ರಿ ಗಾಳಿಮಳೆಗೆ ಸಿಲ್ವರ್ ಮರ ಬಿದ್ದು ಕರೆಂಟ್ ಹೋಯಿತು. ದ್ರವ ಕಲಕುವ ಮೋಟಾರ್ ನಿಂತಿತು. ಎಣ್ಣೆಯಲ್ಲಿನ ಕಬ್ಬಿಣದ ಪುಡಿ ಸುಮ್ನೆ ಬಿಟ್ಟರೆ ತಳಕ್ಕಿಳಿದು ಗಟ್ಟಿಯಾಗುತ್ತದೆ. ಇದ್ದದ್ದೇ ಒಂದು ಬಾಟಲಿ. ಗೋಣಿಚೀಲದ ಮೇಲೆ ಕೂತು ಅತ್ತುಬಿಟ್ಟೆ.

ರೈಟರಣ್ಣ ಟಾರ್ಚ್ ಹಿಡಿದು ಬಂದರು. ಏನೂ ಕೇಳದೆ ಬಾಟಲಿ ತಗೊಂಡು ಅಲುಗಾಡಿಸತೊಡಗಿದರು. ಒಂದು ಕೈ ಸೋತರೆ ಇನ್ನೊಂದು ಕೈ. ನೀವು ಹೋಗಿ ಮಲಗಿ ಅಂದೆ. "ಮಳೆ ಜೋರಾದ ರಾತ್ರಿ ನಾನು ಮಲಗೋದಿಲ್ಲ ಮಗ" ಅಂದರು. ಅವರ ಮನೆ ಕೊಡಗಿನ ಮಕ್ಕಂದೂರು ಕಡೆ ಇತ್ತಂತೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಗುಡ್ಡದ ಜೊತೆ ಹೋಯಿತಂತೆ. ಇಷ್ಟು ದಿನ ಅವರ ಕೈಯ ಬೆಲ್ಲದ ಕಾಫಿ ಕುಡಿದಿದ್ದೀನಿ, ಒಂದು ದಿನವೂ ಹೇಳಿರಲಿಲ್ಲ. ನನಗೆ ಮಾತೇ ಹೊರಡಲಿಲ್ಲ.

ಮಾತು ತಿರುಗಿಸಿದ್ದೂ ಅವರೇ. "ಅಂತರಿಕ್ಷದಲ್ಲಿ ಇದು ತಳಕ್ಕೆ ಕೂರಲ್ಲ ಅಂತೀಯಲ್ಲ, ಅಲ್ಲಿ ತಳ ಯಾವ ಕಡೆ?" ಇಂಥ ಪ್ರಶ್ನೆ ವೈವಾದಲ್ಲೂ ಬರಲಿಲ್ಲ ನೋಡಿ. ಅಂತರಿಕ್ಷ ನಿಲ್ದಾಣದಲ್ಲಿ ನಾಸಾ ಇಂಥದ್ದೇ ದ್ರವದ ಮೇಲೆ ಇನ್‌ಸ್ಪೇಸ್ ಅನ್ನೋ ಪ್ರಯೋಗ ಮಾಡಿದ್ದನ್ನು ಹೇಳಿದೆ. ಕಣಗಳು ಕೆಳಗಿಳಿಯೋದಿಲ್ಲವಾದ್ದರಿಂದ, ಅಯಸ್ಕಾಂತಕ್ಕೆ ಅವು ಹೇಗೆ ಸಾಲುಗಟ್ಟುತ್ತವೆ ಅಂತ ಅಲ್ಲಿ ಸಾವಕಾಶವಾಗಿ ನೋಡಬಹುದು. ಬಾಟಲಿ ಕುಲುಕುತ್ತಲೇ ಪೂರ್ತಿ ಕೇಳಿದರು.

ಬೆಳಿಗ್ಗೆ ಹಗ್ಗ ಬಿಟ್ಟವರೂ ಅವರೇ. ಪೆಟ್ಟಿಗೆ ಬೀಳುತ್ತಿದ್ದ ಹಾಗೆ ಪುಡಿ ಇಳಿಯೋದು ನಿಂತಿತು. ಕಾಯಿಲ್‌ಗೆ, ಅಂದರೆ ಕರೆಂಟ್ ಹರಿದರೆ ಅಯಸ್ಕಾಂತವಾಗುವ ತಂತಿಸುರುಳಿಗೆ, ಬ್ಯಾಟರಿ ಕರೆಂಟ್ ಹರಿದ ಕೂಡಲೇ ಕೂದಲೆಳೆಯಂಥ ಗೆರೆಗಳಾಯಿತು.

ರೈಟರಣ್ಣ, ವಿಡಿಯೋ ವಾಟ್ಸಾಪ್‌ಗೆ ಹಾಕಿದ್ದೀನಿ. ನೆಟ್‌ವರ್ಕ್ ಸಿಗೋ ಕಡೆ ಹೋಗಿ, ಸ್ಲೋ ಮಾಡಿ ನೋಡಿ. ಭಾನುವಾರ ನಾವೆಲ್ಲ ಬಂದು ಗೋದಾಮು ಗುಡಿಸಿಕೊಡ್ತೀವಿ, ಸಾಹುಕಾರರಿಗೆ ಹೇಳಿಡಿ.