ಮಾವ, ಅಳಿಯ ಮತ್ತು ಕ್ವಾರ್ಟರ್‌ಬ್ಯಾಕ್

ಗಣೇಶನ ಹಬ್ಬಕ್ಕೆ ಹಾಲ್ ಬುಕ್ ಮಾಡುವಾಗ ನಮ್ಮ ಸಮಿತಿ ಪ್ರತಿ ವರ್ಷ ಒಂದು ವಿಷಯ ಮರೆಯುತ್ತದೆ. ಹಬ್ಬ ಬರುವುದೂ ಅಮೆರಿಕನ್ ಫುಟ್‌ಬಾಲ್ ಸೀಸನ್ ಶುರುವಾಗುವುದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಭಾನುವಾರ ಬೆಳಗ್ಗೆ 10 ಗಂಟೆಗೆ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಆಟ ಶುರು. ನಮ್ಮ ಪೂಜೆಯೂ ಆಗಲೇ. ಈ ಸಲ ಸರಿಯಾಗಿ ಮಂಗಳಾರತಿ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರದೋ ಫೋನು "ಟಚ್‌ಡೌನ್!" ಎಂದು ಕಿರುಚಿತು. ಪುರೋಹಿತರು ಗಂಟೆ ನಿಲ್ಲಿಸಿ ಒಮ್ಮೆ ಕತ್ತೆತ್ತಿ ನೋಡಿದರು. ಫೋನು ಯಾರದು ಅಂತ ನನಗೆ ಗೊತ್ತು. ಬರೆಯುವುದಿಲ್ಲ. ಅವರು ನಮ್ಮ ಆಜೀವ ಸದಸ್ಯರು.

ಅಲ್ಲಿ ಹೊತ್ತಿದ ಕಿಡಿ ಊಟದ ಪಂಕ್ತಿಯಲ್ಲಿ ಬೆಂಕಿಯಾಯಿತು. ಒಂದೇ ಮನೆಯ ಮೂವರು, ಮಾವ, ಅಳಿಯ, ಮೊಮ್ಮಗ, ಅಕ್ಕಪಕ್ಕ ಕೂತಿದ್ದರು. ಪ್ರಶ್ನೆ ಹಳೆಯದೇ: ಎಲ್ಲ ಕಾಲಕ್ಕೂ ಸೇರಿಸಿ ನೋಡಿದರೆ ಅತಿ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು? ಮಾವನಿಗೆ ಜೋ ಮೊಂಟಾನಾ. ಅಳಿಯನಿಗೆ ಟಾಮ್ ಬ್ರೇಡಿ. ಮೊಮ್ಮಗನಿಗೆ ಪ್ಯಾಟ್ರಿಕ್ ಮಹೋಮ್ಸ್. ಹೋಳಿಗೆ ಬಡಿಸುವ ಹೊತ್ತಿಗೆ ದನಿಗಳು ಏರಿದ್ದವು. ಪಾಯಸ ಬರುವ ಹೊತ್ತಿಗೆ ನನ್ನನ್ನು ಎಳೆದು ತಂದರು. "ನೀವು ಸಂಪಾದಕರು ಕಣ್ರೀ, ಪತ್ರಿಕೆಯಲ್ಲಿ ತೀರ್ಪು ಬರೆದುಬಿಡಿ" ಅಂದರು ಮಾವ. ಒಪ್ಪಿಕೊಂಡೆ. ಈಗ ಅನುಭವಿಸುತ್ತಿದ್ದೇನೆ.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಮೊದಲು ಎರಡು ಮಾತು. ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಹೀಗೇ ಹೋಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಪಕ್ಕದವನಿಗೆ ಕೊಡಬೇಕೋ, ದೂರ ಎಸೆಯಬೇಕೋ, ಎಸೆದರೆ ಯಾರಿಗೆ, ಎಲ್ಲ ತೀರ್ಮಾನ ಮೂರು ಸೆಕೆಂಡಿನೊಳಗೆ. ಅಷ್ಟರಲ್ಲಿ 130 ಕೆಜಿಯ ಧಾಂಡಿಗರು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ನನಗೆ ಯಕ್ಷಗಾನದ ಭಾಗವತರು ನೆನಪಾಗುತ್ತಾರೆ. ಕುಣಿಯುವವರು ಬೇರೆ, ಆದರೆ ಯಾವ ಪದ್ಯ, ಯಾವ ವೇಗ, ಎಲ್ಲಿ ನಿಲ್ಲಿಸಬೇಕು ಅನ್ನುವುದೆಲ್ಲ ಭಾಗವತರ ಕೈಯಲ್ಲಿ. ಒಂದೇ ವ್ಯತ್ಯಾಸ, ಭಾಗವತರ ಮೇಲೆ ಯಾರೂ ಎಗರಿ ಬೀಳುವುದಿಲ್ಲ.

(ಆಟಗಾರರನ್ನೆಲ್ಲ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಬೇಡ. "ಸಚಿನ್ ಔಟಾದರು" ಅಂತ ಯಾರ ಮನೆಯಲ್ಲೂ ಹೇಳಿದ್ದನ್ನು ಕೇಳಿಲ್ಲ.)

ಮಾವನ ವಾದ ಚಿಕ್ಕದು, ಗಟ್ಟಿ. ಮೊಂಟಾನಾ ನಾಲ್ಕು ಸೂಪರ್ ಬೌಲ್ (ಅಂದರೆ ಸೀಸನ್ನಿನ ಫೈನಲ್) ಆಡಿದ, ನಾಲ್ಕೂ ಗೆದ್ದ. ಆ ನಾಲ್ಕು ಆಟಗಳಲ್ಲಿ 122 ಸಲ ಚೆಂಡು ಎಸೆದ. 11 ಟಚ್‌ಡೌನ್. ಒಂದು ಸಲವೂ ಚೆಂಡು ಎದುರಾಳಿ ಕೈಗೆ ಸಿಗಲಿಲ್ಲ. 1989ರ ಜನವರಿಯಲ್ಲಿ ಸಿನ್ಸಿನಾಟಿ ಎದುರು 3 ಅಂಕ ಹಿಂದೆ, ಮೂರು ನಿಮಿಷ ಚಿಲ್ಲರೆ ಬಾಕಿ, ಮುಂದೆ 92 ಗಜ. ಜೊತೆಗಾರರ ಮುಖದಲ್ಲಿ ಬೆವರು. ಈ ಪುಣ್ಯಾತ್ಮ ಪ್ರೇಕ್ಷಕರ ಕಡೆ ಕೈ ತೋರಿಸಿ, ಅಲ್ಲಿ ಕೂತಿರೋದು ನಟ ಜಾನ್ ಕ್ಯಾಂಡಿ ಅಲ್ವಾ ಅಂತ ಕೇಳಿದ. ಆಮೇಲೆ 92 ಗಜವನ್ನೂ ದಾಟಿಸಿದ. 34 ಸೆಕೆಂಡು ಉಳಿದಿದ್ದಾಗ ಜಾನ್ ಟೇಲರ್‌ಗೆ ಚೆಂಡು, 20-16. ಮಾವ ಇದನ್ನು ಹೇಳುವಾಗ ಎಲೆಯ ಮೇಲಿನ ಕೋಸಂಬರಿಯನ್ನು ಆಟಗಾರರಂತೆ ಜೋಡಿಸಿ ತೋರಿಸಿದರು. ಆ ಕೋಸಂಬರಿ ಕೊನೆಗೆ ಯಾರೂ ತಿನ್ನಲಿಲ್ಲ.

ಅಳಿಯನ ವಾದ ಇನ್ನೂ ಚಿಕ್ಕದು. "ಏಳು, ಮಾವ. ಏಳು." ಬ್ರೇಡಿ ಹತ್ತು ಸೂಪರ್ ಬೌಲ್ ಆಡಿ ಏಳು ಗೆದ್ದಿದ್ದಾನೆ. ಯಾವ ತಂಡವೂ ಏಳು ಗೆದ್ದಿಲ್ಲ. 23 ಸೀಸನ್, 89,214 ಗಜ, 649 ಟಚ್‌ಡೌನ್. 2017ರಲ್ಲಿ ಅಟ್ಲಾಂಟಾ ಎದುರು 28-3 ಹಿಂದಿದ್ದು 34-28 ಗೆದ್ದದ್ದು ಬೇರೆ.

ಮೊಮ್ಮಗ ಏನೂ ಹೇಳಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಮಹೋಮ್ಸ್ ಬಲಕ್ಕೆ ಓಡುತ್ತಾ ಎಡಕ್ಕೆ ನೋಡುತ್ತಾ ಇನ್ನೆಲ್ಲಿಗೋ ಎಸೆಯುತ್ತಾನೆ. ಅವನ ಅಪ್ಪ ಬೇಸ್‌ಬಾಲ್ ಪಿಚರ್ ಆಗಿದ್ದವನು, ಮಗನ ಎಸೆತದಲ್ಲಿ ಅದು ಕಾಣುತ್ತದೆ. ಮಾವನಿಗೆ ಮಾತ್ರ ಆ ವಿಡಿಯೋ ನೋಡಿ ಹೊಟ್ಟೆ ಉರಿದುಹೋಯಿತು. 2020ರಲ್ಲೂ 2024ರಲ್ಲೂ ಸೂಪರ್ ಬೌಲ್‌ನಲ್ಲಿ ಮೊಂಟಾನಾ ಆಡಿದ್ದ ನಮ್ಮ ಫಾರ್ಟಿನೈನರ್ಸ್ ತಂಡವನ್ನು ಸೋಲಿಸಿದ್ದು ಇದೇ ಮಹೋಮ್ಸ್. "ನಮ್ಮನೇಲೇ ಉಂಡು ನಮ್ಮನೇಗೇ..." ಅಂತ ಶುರು ಮಾಡಿದರು. ಗಾದೆ ಮುಗಿಸುವಷ್ಟರಲ್ಲಿ ಅವರ ಮನೆಯವರು ಬಾಯಿ ಹಾಕಿದರು.

"ಅಲ್ಲ, ಆ ಚೆಂಡು ಎಸೆಯೋನ ಮುಂದೆ ನಿಂತು ಒದೆ ತಿನ್ನೋ ಐದು ಜನ ಇದಾರಲ್ಲ, ಅವರ ಹೆಸರು ಹೇಳಿ ನೋಡೋಣ." ಮೂವರೂ ಸುಮ್ಮನಾದರು.

ಆಕೆ ಆಟ ನೋಡುವವರಲ್ಲ. 40 ವರ್ಷ ಟಿವಿ ಮುಂದೆ ಹಾದುಹೋದವರು ಅಷ್ಟೇ. ಆದರೆ ವಿಷಯದ ಬುಡಕ್ಕೆ ಕೈ ಹಾಕಿದ್ದು ಅವರೇ. 2021ರ ಫೆಬ್ರವರಿಯಲ್ಲಿ ಬ್ರೇಡಿಯ ಟ್ಯಾಂಪಾ ತಂಡ ಮಹೋಮ್ಸ್‌ನ ಕ್ಯಾನ್ಸಸ್ ಸಿಟಿಯನ್ನು 31-9 ಸೋಲಿಸಿತು. ಅಳಿಯ ಇದನ್ನು ಬ್ರೇಡಿ ಮಹೋಮ್ಸ್‌ನನ್ನು ಸೋಲಿಸಿದ ಅಂತ ಹೇಳುತ್ತಾನೆ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಮೈದಾನದಲ್ಲಿ ಒಟ್ಟಿಗೆ ಇರುವುದೇ ಇಲ್ಲ. ಒಬ್ಬ ಆಡುವಾಗ ಇನ್ನೊಬ್ಬ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿರುತ್ತಾನೆ. ಅವತ್ತು ಮಹೋಮ್ಸ್‌ನನ್ನು ಕಾಯಬೇಕಿದ್ದ ಇಬ್ಬರು ಮುಖ್ಯ ಟ್ಯಾಕಲ್‌ಗಳೂ ಪೆಟ್ಟಾಗಿ ಹೊರಗಿದ್ದರು. ಹುಡುಗ ಆಟವಿಡೀ ಜೀವ ಉಳಿಸಿಕೊಳ್ಳಲು ಓಡಿದ. ತಂಡಕ್ಕೆ ಒಂದು ಟಚ್‌ಡೌನ್ ಕೂಡ ಬರಲಿಲ್ಲ.

ಉಂಗುರ ಎಣಿಸುವುದರ ತೊಂದರೆ ಇದೇ. ಇಲ್ಲಿ ಸೂಪರ್ ಬೌಲ್ ಗೆದ್ದವರಿಗೆಲ್ಲ ಉಂಗುರ ಕೊಡುತ್ತಾರೆ, ಜನ ಅದನ್ನೇ ಎಣಿಸುತ್ತಾರೆ. ಬ್ರೇಡಿಯ ಎರಡು ಆಟಗಳನ್ನೇ ತೆಗೆದುಕೊಳ್ಳಿ. 2018ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎದುರು 505 ಗಜ ಎಸೆದ, ಮೂರು ಟಚ್‌ಡೌನ್. ಸೂಪರ್ ಬೌಲ್‌ನಲ್ಲಿ ಅಷ್ಟು ಗಜ ಅದಕ್ಕೆ ಮೊದಲು ಯಾರೂ ಎಸೆದಿರಲಿಲ್ಲ. ಸೋತ, 41-33. ಎದುರು ತಂಡದಲ್ಲಿ ಆಡಿದವನು ಬದಲಿ ಆಟಗಾರ ನಿಕ್ ಫೋಲ್ಸ್. ಮರುವರ್ಷ ಲಾಸ್ ಏಂಜಲೀಸ್ ಎದುರು ಒಂದೂ ಟಚ್‌ಡೌನ್ ಎಸೆಯಲಿಲ್ಲ, ಒಂದು ಚೆಂಡು ಎದುರಾಳಿಗೆ ಕೊಟ್ಟ. ಗೆದ್ದ, 13-3. ಉಂಗುರ ಬಂದದ್ದು ಎರಡನೆಯದಕ್ಕೆ.

ಇನ್ನೊಂದನ್ನು ನಾವು ನಮ್ಮ ಅಂಗಳದಲ್ಲೇ ನೋಡಿದ್ದೇವೆ. 2016ರಲ್ಲಿ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ 50ನೇ ಸೂಪರ್ ಬೌಲ್ ನಡೆಯಿತಲ್ಲ, ಅವತ್ತು ಗೆದ್ದ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. ಆ ಸೀಸನ್ನಿನಲ್ಲಿ ಅವನ ತೋಳು ಸೋತುಹೋಗಿತ್ತು: 9 ಟಚ್‌ಡೌನ್, ಎದುರಾಳಿ ಕೈಗೆ ಸಿಕ್ಕ ಚೆಂಡು 17. ಫೈನಲ್‌ನಲ್ಲೂ ಬರೀ 141 ಗಜ. ತಂಡವನ್ನು ಗೆಲ್ಲಿಸಿದ್ದು ಡಿಫೆನ್ಸ್. ಇದೇ ಮನುಷ್ಯ 2013ರಲ್ಲಿ 55 ಟಚ್‌ಡೌನ್, 5,477 ಗಜ ಎಸೆದು ದಾಖಲೆ ಬರೆದಿದ್ದ. ಆ ವರ್ಷದ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಎದುರು 43-8ರಲ್ಲಿ ಮಣ್ಣುಮುಕ್ಕಿದ. ನನ್ನ ಮನಸ್ಸಿನ ಭಾಗವತ ಇವನೇ, ಹೇಳಿಬಿಡುತ್ತೇನೆ. ಚೆಂಡು ಬರುವ ಮೊದಲು ಕೈ ಬೀಸಿ, "ಓಮಾಹಾ, ಓಮಾಹಾ" ಎಂದು ಕೂಗಿ, ಎದುರಾಳಿ ನಿಂತ ರೀತಿ ನೋಡಿ ಇಡೀ ಆಟವನ್ನೇ ಅಲ್ಲಿಂದಲೇ ಬದಲಾಯಿಸುತ್ತಿದ್ದ. ಐದು ಸಲ ಲೀಗ್‌ನ ಅತ್ಯುತ್ತಮ ಆಟಗಾರ. ಆದರೂ ಊಟದ ಪಂಕ್ತಿಯಲ್ಲಿ ಅವನ ಹೆಸರು ಯಾರೂ ಎತ್ತಲಿಲ್ಲ.

ಯಾರು ಆಲೋಚಿಸುತ್ತಾರೆ ಅನ್ನುವುದೂ ಕಾಲದಿಂದ ಕಾಲಕ್ಕೆ ಬೇರೆ. 1994ರಿಂದ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೋ ಇದೆ. ಕೋಚ್ ಕಿವಿಯಲ್ಲಿ ಹೇಳುತ್ತಾನೆ, ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ಕಟ್ಟಾಗುತ್ತದೆ. 1950ರ ದಶಕದ ಜಾನಿ ಯುನೈಟಸ್‌ಗೆ ಅದೆಲ್ಲ ಎಲ್ಲಿ? ಏನು ಆಡಬೇಕು ಅನ್ನುವುದನ್ನು ಅವನೇ ತೀರ್ಮಾನಿಸುತ್ತಿದ್ದ. ಪಿಟ್ಸ್‌ಬರ್ಗ್ ತಂಡ ಬೇಡ ಅಂತ ಕಳಿಸಿದ ಮೇಲೆ ಒಂದು ಆಟಕ್ಕೆ 6 ಡಾಲರಿಗೆ ಆಡಿಕೊಂಡಿದ್ದವನು. ಆಮೇಲೆ ಬಾಲ್ಟಿಮೋರ್‌ನಲ್ಲಿ ಸತತ 47 ಆಟಗಳಲ್ಲಿ ಟಚ್‌ಡೌನ್ ಎಸೆದ. ಆ ದಾಖಲೆ ಮುರಿಯಲು 2012ರವರೆಗೆ ಕಾಯಬೇಕಾಯಿತು. ಅವನ ಕಾಲದಲ್ಲಿ ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು. 1978ರಲ್ಲಿ ಅದನ್ನು ಮೊದಲ ಐದು ಗಜಕ್ಕೆ ಮಿತಿ ಮಾಡಿದರು. ಆಮೇಲೆ ಪಾಸ್ ಆಟ ಸುಲಭವಾಯಿತು. ಕ್ವಾರ್ಟರ್‌ಬ್ಯಾಕ್‌ಗೆ ಬೀಳುವ ಪೆಟ್ಟಿಗೂ ಒಂದೊಂದೇ ಕಡಿವಾಣ ಬಂತು. 2008ರಲ್ಲಿ ಬ್ರೇಡಿಯ ಮೊಣಕಾಲಿಗೆ ಪೆಟ್ಟಾದ ಮೇಲೆ, ನೆಲದ ಮೇಲೆ ಬಿದ್ದವನು ಅಲ್ಲಿಂದಲೇ ಕಾಲಿಗೆ ಎಗರಬಾರದು ಅಂತ ನಿಯಮವನ್ನೇ ಬಿಗಿ ಮಾಡಿದರು. ಮೊಂಟಾನಾ 1991ರ ಜನವರಿಯಲ್ಲಿ ತಿಂದ ಏಟಿನ ಮೇಲೆ ಹೆಚ್ಚುಕಮ್ಮಿ ಎರಡು ಸೀಸನ್ ಕಳೆದುಕೊಂಡ. ಹಾಗಾಗಿ 649ನ್ನು ಹಳಬರ ಅಂಕಿಗಳ ಪಕ್ಕದಲ್ಲಿಟ್ಟು ನೋಡುವುದು 1975ರ ಸಂಬಳವನ್ನು ಇವತ್ತಿನ ಸಂಬಳದ ಪಕ್ಕದಲ್ಲಿಟ್ಟ ಹಾಗೆ.

ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾವಸ್ಕರ್ 34 ಟೆಸ್ಟ್ ಶತಕ, ನಮ್ಮ ವಿಶಿ 14. ಆದರೂ ಭದ್ರಾವತಿಯಿಂದ ಬಸವನಗುಡಿವರೆಗೆ ಯಾರನ್ನು ಬೇಕಾದರೂ ಕೇಳಿ. ಆ 14ರಲ್ಲಿ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ ಅನ್ನುತ್ತಾರೆ. 1975ರಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ಎದುರು ತಂಡ 190ಕ್ಕೆ ಆಲೌಟ್, ಅದರಲ್ಲಿ ವಿಶಿಯದೇ ಔಟಾಗದೆ 97. ಅದು ಶತಕವೇ ಅಲ್ಲ, ಆದರೂ ನಮಗೆ ಅದೇ ದೊಡ್ಡದು. ಮಾವ ಮೊಂಟಾನಾ ಬಗ್ಗೆ ಮಾತಾಡುವಾಗ ನನಗೆ ಕೇಳಿಸುವುದು ಅದೇ ದನಿ.

ಮನೆಗೆ ಬಂದು ಯೋಚಿಸಿದಾಗ ಇನ್ನೊಂದು ಹೊಳೆಯಿತು. ಮಾವ ಇಲ್ಲಿಗೆ ಬಂದದ್ದು 1981ರ ಕೊನೆಯಲ್ಲಿ. ಚಳಿ, ಮಳೆ, ಗುರುತಿನವರು ಯಾರೂ ಇಲ್ಲ. ಆಫೀಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದುದು ಒಬ್ಬ ಮೊಂಟಾನಾ ಬಗ್ಗೆ. 1982ರ ಜನವರಿ 10ರಂದು ಕ್ಯಾಂಡಲ್‌ಸ್ಟಿಕ್ ಮೈದಾನದಲ್ಲಿ ಡಲ್ಲಾಸ್ ಎದುರು ಕೊನೆಯ ನಿಮಿಷದಲ್ಲಿ ಅವನು ಎಸೆದ ಚೆಂಡನ್ನು ಡ್ವೈಟ್ ಕ್ಲಾರ್ಕ್ ಬೆರಳ ತುದಿಯಲ್ಲಿ ಹಿಡಿದ. ಅವತ್ತು ಬಾಡಿಗೆ ಮನೆಯ ಕೆಳಗಿನವರು ಇವರನ್ನು ಕರೆದು ಟಿವಿ ಮುಂದೆ ಕೂರಿಸಿ ಪಾಪ್‌ಕಾರ್ನ್ ಕೊಟ್ಟಿದ್ದರಂತೆ. ಅಳಿಯ ಓದಲು ಬಾಸ್ಟನ್‌ಗೆ ಬಂದದ್ದು 2001ರಲ್ಲಿ. ಮೊದಲ ಹಿಮ, ಮೊದಲ ಸೆಮಿಸ್ಟರ್, ಯಾರೂ ಹೆಸರು ಕೇಳಿರದ ಬ್ರೇಡಿ, ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಬ್ಲೆಡ್ಸೋಗೆ ಪೆಟ್ಟಾಯಿತು ಅಂತ ಒಳಗೆ ಬಂದ. 2002ರ ಫೆಬ್ರವರಿಗೆ ಸೂಪರ್ ಬೌಲ್ ಗೆದ್ದ. ಇಬ್ಬರದೂ ಅಮೆರಿಕದ ಮೊದಲ ಚಳಿಗಾಲ. ಅಂಥ ಹೊತ್ತಿನಲ್ಲಿ ಕೈ ಹಿಡಿದವರನ್ನು ಅಂಕಿ ಹಿಡಿದು ಅಳೆಯಲು ಆಗುತ್ತದೆಯೇ? ಮೊಮ್ಮಗ ಇಲ್ಲೇ ಹುಟ್ಟಿದವನು, ಅವನಿಗೆ ಆ ಹಂಗಿಲ್ಲ. ಚೆನ್ನಾಗಿ ಆಡುವವನು ಅವನವನು.

ಸರಿ, ತೀರ್ಪು ಕೇಳಿದ್ದಾರೆ, ಜಾರಿಕೊಳ್ಳುವುದಿಲ್ಲ. ಬ್ರೇಡಿ.

ಏಳು ಉಂಗುರಕ್ಕಲ್ಲ. ಒಂದೇ ಒಂದು ವರ್ಷಕ್ಕೆ. ಕ್ವಾರ್ಟರ್‌ಬ್ಯಾಕ್ ಎಷ್ಟು, ತಂಡ ಎಷ್ಟು ಅಂತ ಬೇರ್ಪಡಿಸಿ ನೋಡುವ ಅವಕಾಶ ತೀರಾ ಕಡಿಮೆ. 2020ರಲ್ಲಿ ಅದು ಸಿಕ್ಕಿತು. 2019ರಲ್ಲಿ ಟ್ಯಾಂಪಾ 7 ಗೆದ್ದು 9 ಸೋತಿತ್ತು. ಅವರ ಕ್ವಾರ್ಟರ್‌ಬ್ಯಾಕ್ 33 ಟಚ್‌ಡೌನ್ ಎಸೆದು 30 ಚೆಂಡು ಎದುರಾಳಿಗೆ ಕೊಟ್ಟಿದ್ದ. ಬ್ರೇಡಿ 20 ವರ್ಷದ ತಂಡ ಬಿಟ್ಟು ಅಲ್ಲಿಗೆ ಹೋದ. ಕೋಚ್ ಅದೇ, ಚೆಂಡು ಹಿಡಿಯುವ ಮುಖ್ಯ ಆಟಗಾರರು ಅವರೇ. 30 ಇದ್ದದ್ದು 12 ಆಯಿತು, ತಂಡ ಸೂಪರ್ ಬೌಲ್ ಗೆದ್ದಿತು. ಅವನಿಗಾಗ 43 ವರ್ಷ. ಅತ್ತ ಅವನು ಬಿಟ್ಟು ಬಂದ ನ್ಯೂ ಇಂಗ್ಲೆಂಡ್ ಏನಾಯಿತು? 7 ಗೆಲುವು, 9 ಸೋಲು. ತನ್ನ ಹಳೇ ಗೆಳೆಯ ಗ್ರಾಂಕೌಸ್ಕಿಯನ್ನು ಕರೆದುಕೊಂಡು ಹೋದ, ಟ್ಯಾಂಪಾ ಡಿಫೆನ್ಸ್ ಚೆನ್ನಾಗಿತ್ತು, ಇದೆಲ್ಲ ಗೊತ್ತು. ಆದರೂ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಕ್ಕಿಲ್ಲ. ಮೊಂಟಾನಾ ಕೂಡ 1993ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗೆ ನಿಂತ. ಆ ಒಂದು ಮೆಟ್ಟಿಲು ನನ್ನ ಮತ ಬದಲಾಯಿಸಿತು. ಮಾವನ "ನಾಲ್ಕಕ್ಕೆ ನಾಲ್ಕು" ವಾದ ಒಪ್ಪಲಾಗದ್ದಕ್ಕೆ ಇನ್ನೊಂದು ಕಾರಣ ಉಂಟು. ಫೈನಲ್‌ಗೆ ಬಂದು ಸೋತದ್ದು ತಪ್ಪಾಗುತ್ತದೆ, ಮೊಂಟಾನಾ ಒಂದು ವರ್ಷ ನಾಕೌಟಿನ ಮೊದಲ ಆಟದಲ್ಲೇ 49-3 ಸೋತು ಮನೆಗೆ ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ, ಇದ್ಯಾವ ನ್ಯಾಯ?

ಮಹೋಮ್ಸ್ 1995ರಲ್ಲಿ ಹುಟ್ಟಿದವನು. ಅವನ ಕಡತ ಮುಚ್ಚಿಲ್ಲ.

ಕರಡು ಓದಿ ಹೇಳೋಣ ಅಂತ ಮಾವನಿಗೆ ಫೋನ್ ಮಾಡಿದೆ. ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, "ನಿಮ್ಮ ಬ್ರೇಡಿ ಹುಟ್ಟಿದ್ದೆಲ್ಲಿ?" ಅಂದರು. ಸ್ಯಾನ್ ಮಟೇಯೊ, ನಮ್ಮಿಂದ ಅರ್ಧ ಗಂಟೆ. "1982ರ ಜನವರಿ 10ಕ್ಕೆ ಎಲ್ಲಿದ್ದ?" ಕ್ಯಾಂಡಲ್‌ಸ್ಟಿಕ್‌ನಲ್ಲಿ, ನಾಲ್ಕು ವರ್ಷದ ಮಗು, ಅಪ್ಪ ಅಮ್ಮನ ಜೊತೆ ಪ್ರೇಕ್ಷಕರ ನಡುವೆ. "ಚಿಕ್ಕಂದಿನಲ್ಲಿ ಯಾರ ಭಕ್ತ?" ನಾನು ಸುಮ್ಮನಿದ್ದೆ. "ಅಷ್ಟು ಹಾಕಿ ಸಾಕು, ಬೇರೇನೂ ಬದಲಾಯಿಸಬೇಡಿ" ಅಂದು ಫೋನ್ ಇಟ್ಟರು.

ಹಾಕಿದ್ದೇನೆ. ಅಳಿಯನಿಗೆ ಉತ್ತರ ಬರೆಯುವುದಿದ್ದರೆ ತಿಂಗಳ 15ರೊಳಗೆ ಕಳಿಸಲಿ, 200 ಪದ ಮೀರಬಾರದು. ಆ ಐದು ಜನರ ಹೆಸರನ್ನೂ ಸೇರಿಸಿ ಕಳಿಸಬೇಕು ಅಂತ ಅವನ ಅತ್ತೆ ಹೇಳಿದ್ದಾರೆ.