ಆ ಭಾನುವಾರ ನಾನು ಕೂಗಿದ್ದು

ಹನುಮಂತನಗರ, ಬೆಂಗಳೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಪುಣೆಗೆ ಹೋಗಿ ಇಂದಿಗೆ ಹನ್ನೊಂದು ದಿನ. ಫೋನ್ ಮಾಡಿದರೆ "ಊಟ ಆಯಿತಮ್ಮ, ಇಡುತ್ತೇನೆ" ಎನ್ನುತ್ತೀಯ. ನನಗೂ ಫೋನಿನಲ್ಲಿ ಮಾತು ಏಳುವುದಿಲ್ಲ. ಅದಕ್ಕೇ ಚಟ್ನಿಪುಡಿಯ ಡಬ್ಬಿಯ ಜತೆ ಈ ಕಾಗದ ಇಟ್ಟಿದ್ದೇನೆ.

ಮೊದಲು ನೀನು ವ್ಯಾನಿನ ಗೇರ್ ಆಯಿಲ್ ಬದಲಾಯಿಸಿದ ವಿಷಯ ಹೇಳಿಬಿಡುತ್ತೇನೆ. ನಿನ್ನೆ ಮಕ್ಕಳನ್ನು ಶಾಲೆಗೆ ಬಿಟ್ಟು ಸೀದಾ ಗ್ಯಾರೇಜಿಗೆ ಹೋದೆ. ವ್ಯಾನನ್ನು ಗುಂಡಿಯ ಮೇಲೆ ನಿಲ್ಲಿಸಿ ನಾನೇ ಕೆಳಗಿಳಿದೆ. ಗೇರ್ ಬಾಕ್ಸಿನ ಪಕ್ಕದ, ಎಣ್ಣೆ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ ನೋಡಿದೆ. ಎಣ್ಣೆ ಸರಿಯಾಗಿ ತೂತಿನ ಕೆಳ ಅಂಚಿಗೆ ನಿಂತಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. "ಯಾರು ಮಾಡಿದ್ದು ಅಕ್ಕಾ?" ಎಂದು ಮೆಕ್ಯಾನಿಕ್ ಕೇಳಿದ. "ನನ್ನ ಮಗಳು" ಎಂದೆ. ಅವನು ಟಾರ್ಚ್ ಹಾಕಿ ಇನ್ನೊಮ್ಮೆ ನೋಡಿದ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿಗೆ ಮಾತ್ರ ಹಳೆಯ ವಾಷರನ್ನೇ ಹಾಕಿದ್ದೀಯ. ರಾತ್ರಿಗೆ ಒಂದೊಂದು ಹನಿ ಬೀಳುತ್ತಿತ್ತು, ನಾನು ರಟ್ಟು ಹಾಸಿ ನೋಡಿದ್ದೆ. ಅಲ್ಯೂಮಿನಿಯಂ ವಾಷರ್ ಒಮ್ಮೆ ಬಿಗಿದರೆ ಚಪ್ಪಟೆಯಾಗುತ್ತದೆ, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಎಣ್ಣೆಯನ್ನು ಚೊಕ್ಕಟವಾದ ಬೋಗುಣಿಗೆ ಇಳಿಸಿ, ಹೊಸ ವಾಷರ್ ಹಾಕಿ, ಅದೇ ಎಣ್ಣೆಯನ್ನು ತಿರುಗಿ ತುಂಬಿಸಿದೆವು. ಈಗ ಒಂದು ಹನಿಯೂ ಇಲ್ಲ. ಬೆಳಗಿನ ಹೊತ್ತು ಎರಡನೇ ಗೇರಿಗೆ ಹಾಕುವಾಗ 'ಕರ್' ಎನ್ನುತ್ತಿತ್ತಲ್ಲ, ಅದು ಮುಕ್ಕಾಲು ಪಾಲು ನಿಂತಿದೆ.

ಎರಡು ವರ್ಷದಿಂದ ಆ ಸದ್ದನ್ನು ಕೇಳಿಕೊಂಡೇ ಓಡಿಸಿದೆ. ಎಂಜಿನ್ ಆಯಿಲನ್ನು ಹೊತ್ತು ಹೊತ್ತಿಗೆ ಬದಲಾಯಿಸುವ ನಾನು ಗೇರ್ ಆಯಿಲನ್ನು ಮರೆತಿದ್ದೆ. ಅದು ಉರಿಯುವುದಿಲ್ಲ, ಕಡಿಮೆಯಾಗುವುದಿಲ್ಲ, ದೀಪ ಹತ್ತಿಸಿ ಎಚ್ಚರಿಸುವುದೂ ಇಲ್ಲ. ಕೇಳಿದವರೆಲ್ಲ "ಅದಕ್ಕೇನೂ ಆಗುವುದಿಲ್ಲ ಅಕ್ಕಾ, ಓಡಿಸಿ" ಎಂದರು. ನೀನೊಬ್ಬಳೇ "ಸ್ಕೂಲ್ ವ್ಯಾನ್ ಅಮ್ಮ, ದಿನವೆಲ್ಲ ಒಂದು, ಎರಡು, ಒಂದು, ಎರಡು. ಹಲ್ಲುಗಳ ನಡುವೆ ಆ ಎಣ್ಣೆ ಅರೆದು ಅರೆದು ಸತ್ತುಹೋಗಿರುತ್ತದೆ" ಎಂದವಳು. ನೀನು ಹೇಳಿದ್ದು ನಿಜ. ಹಳೆಯ ಎಣ್ಣೆಯನ್ನು ಅಪ್ಪನ ಪಂಚೆಯ ತುಂಡಿನಲ್ಲಿ ಸೋಸಿ ತಂತಿಗೆ ನೇತು ಹಾಕಿ ಹೋಗಿದ್ದೆಯಲ್ಲ, ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಕಪ್ಪು ಕಲೆಯ ತುಂಬ ಸಣ್ಣ ಹಳದಿ ಮಿನುಗು, ಜರಿ ಉದುರಿದ ಹಾಗೆ. ಅಷ್ಟೂ ಗೇರ್ ಬದಲಾಗುವಾಗ ವೇಗ ಹೊಂದಿಸುವ ಸಿಂಕ್ರೊ ರಿಂಗಿನ ಹಿತ್ತಾಳೆ. ಹಲ್ಲಿನ ಚೂರು ಒಂದೂ ಇರಲಿಲ್ಲ, ದೇವರ ದಯೆ. ನಮ್ಮದು ಮಾರುತಿ ಓಮ್ನಿ, ಅದರ ತಯಾರಿಕೆಯೇ 2019ರಲ್ಲಿ ನಿಂತುಹೋಗಿರುವಾಗ ಈ ವ್ಯಾನ್ ಕೈಕೊಟ್ಟರೆ ನಾನು ಏನು ಮಾಡುವುದು ಎಂದು ನೀನು ಯೋಚಿಸಿದ್ದೆ. ಕೆಲಸಕ್ಕೆ ಹೋಗುವ ಮುನ್ನ ಅಮ್ಮನ ವ್ಯಾನ್ ಸರಿ ಮಾಡಿ ಹೋಗೋಣ ಎಂದು ಕೆಳಗೆ ಮಲಗಿದವಳು ನೀನು. ಆ ಹೊತ್ತಿನಲ್ಲಿ ನಾನು ಆಡಿದ ಮಾತು ಅದು.

ಆ ಮಾತನ್ನು ಬರೆಯಲು ಕೈ ಬರುತ್ತಿಲ್ಲ. "ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಬೇಕು" ಎಂದೆ. ಎದುರು ಮನೆಯವರು ಗೇಟಿಗೆ ಬಂದು ನಿಂತಿದ್ದರು. 2013ರಲ್ಲಿ ನಾನು ಈ ವ್ಯಾನ್ ಕೊಂಡು ಮಕ್ಕಳನ್ನು ಕೂರಿಸಿಕೊಂಡು ಹೊರಟಾಗ ಇದೇ ಬೀದಿಯಲ್ಲಿ ನಾನು ಕೇಳಿದ ಮಾತೂ ಅದೇ. ಆ ವರ್ಷದ ಮಿಕ್ಕ ಸಂಗತಿ ಬೇಡ, ನಿನಗೂ ಗೊತ್ತು, ನನಗೂ ಗೊತ್ತು. ಅಷ್ಟೆಲ್ಲ ನುಂಗಿದವಳ ಬಾಯಿಂದ ಅದೇ ಮಾತು ನಿನ್ನ ಮೇಲೆ ಬಿತ್ತು. ತಪ್ಪಾಯಿತು ಕಂದ. ಮಾತು ತಪ್ಪು. ಆದರೆ ಕೂಗಿದ್ದು ತಪ್ಪಲ್ಲ. ಯಾಕೆ ಎಂಬುದನ್ನು ನಿನಗೆ ಎಂದೂ ಹೇಳಿಲ್ಲ.

1997ರ ಏಪ್ರಿಲ್. ನಿನ್ನ ದೊಡ್ಡ ಮಾವ ಲಕ್ಕಸಂದ್ರದಲ್ಲಿ ಚಿಕ್ಕ ಗ್ಯಾರೇಜ್ ಇಟ್ಟಿದ್ದ. ಒಳಗೆ ಜಾಗ ಇರಲಿಲ್ಲ, ಕೆಲಸವೆಲ್ಲ ರಸ್ತೆಯ ಅಂಚಿನಲ್ಲೇ. ನನಗೆ ಹತ್ತೊಂಬತ್ತು. ದಿನಾ ಮಧ್ಯಾಹ್ನ ಕ್ಯಾರಿಯರ್ ಒಯ್ಯುತ್ತಿದ್ದೆ. ಅಂದು ಒಂದು ಬಿಳಿ ಓಮ್ನಿಯ ಹಿಂಬದಿಯನ್ನು ಜಾಕ್ ಕೊಟ್ಟು ಎತ್ತಿದ್ದರು. ಕೆಳಗೆ ಮಾಗಡಿ ಕಡೆಯ ಒಬ್ಬ ಹುಡುಗ, ಹದಿನಾರೋ ಹದಿನೇಳೋ. ನನಗೆ ಕಂಡದ್ದು ಅವನ ಎರಡು ಕಾಲು ಮಾತ್ರ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಹಿಮ್ಮಡಿಯ ಹತ್ತಿರ ಸವೆದು ತೆಳ್ಳಗಾಗಿತ್ತು. ಅಣ್ಣ ಪಕ್ಕದ ಅಂಗಡಿಯಲ್ಲಿ ಚಿಲ್ಲರೆ ತರಲು ಹೋಗಿದ್ದ.

ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಜಾಕಿನ ತಳ ಒಂದು ಕಡೆ ಹೂತುಕೊಳ್ಳುತ್ತಿತ್ತು. ಅದು ನನಗೆ ಕಾಣಿಸಿತು ಪುಟ್ಟಿ. ನೆಟ್ಟಗೆ ನಿಂತಿದ್ದ ಜಾಕ್ ಸ್ವಲ್ಪ ವಾಲಿದ್ದು ನನಗೆ ಕಾಣಿಸಿತು. ನಾನು ಕೂಗಲಿಲ್ಲ. ಗ್ಯಾರೇಜಿನಲ್ಲಿ ನಿಂತು ಮಾತಾಡಬಾರದು, ಕ್ಯಾರಿಯರ್ ಇಟ್ಟು ಹೋಗಬೇಕು ಎಂದು ಅಣ್ಣ ಹೇಳಿಟ್ಟಿದ್ದ. ಅವರಿಗೆ ಗೊತ್ತಿರುತ್ತದೆ, ನನಗೇನು ತಿಳಿಯುತ್ತದೆ ಎಂದುಕೊಂಡೆ. ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಅಷ್ಟರೊಳಗೆ ಆಗಿಹೋಯಿತು. ದೊಡ್ಡ ಸದ್ದೇನೂ ಇಲ್ಲ, ಮೂಟೆ ಇಳಿಸಿದ ಹಾಗೆ. ಆ ಕಾಲುಗಳು ಎರಡು ಸಲ ಒದ್ದುಕೊಂಡವು. ಒಂದು ಚಪ್ಪಲಿ ಕಳಚಿ ನನ್ನ ಕಡೆಗೆ ಬಂದು ಬಿತ್ತು.

ಐದಾರು ಜನ ಓಡಿ ಬಂದು ವ್ಯಾನನ್ನು ಕೈಯಲ್ಲೇ ಎತ್ತಿದರು. ಹುಡುಗ ಬದುಕಿದ. ಎಡಗೈ ಭುಜದಿಂದ ಮೇಲಕ್ಕೆ ಏಳದ ಹಾಗಾಯಿತು. ಅವನ ತಾಯಿ ಬಂದು ಊರಿಗೆ ಕರೆದುಕೊಂಡು ಹೋದಳು. ನಾನು ಕಂಡದ್ದನ್ನು ಅಣ್ಣನಿಗೆ ಹೇಳಲಿಲ್ಲ, ಆಮೇಲೆ ನಿನ್ನ ಅಪ್ಪನಿಗೂ ಹೇಳಲಿಲ್ಲ. ಒಂದು ಕೂಗು ಕೂಗಿದ್ದರೆ ಅವನು ಹೊರಳಿ ಹೊರಗೆ ಬರುತ್ತಿದ್ದನೋ ಏನೋ. ಬರುತ್ತಿರಲಿಲ್ಲವೋ ಏನೋ. ಲಕ್ಕಸಂದ್ರದ ಆ ತಿರುವಿನಲ್ಲಿ ಇಂದಿಗೂ ನಾನು ವ್ಯಾನ್ ತಿರುಗಿಸುವುದಿಲ್ಲ. ವಿಲ್ಸನ್ ಗಾರ್ಡನ್ ಕಡೆಯಿಂದ ಸುತ್ತಿಕೊಂಡು ಹೋಗುವುದು ಯಾಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ.

ಆ ಭಾನುವಾರ ಹೂವು ತೆಗೆದುಕೊಂಡು ಬಂದು ನೋಡಿದರೆ ಮನೆ ಮುಂದೆ ವ್ಯಾನ್, ವ್ಯಾನಿನ ಕೆಳಗಿಂದ ಎರಡು ಕಾಲು. ಆಮೇಲೆ ನಾನು ಏನು ಕೂಗಿದೆ ಎಂಬುದು ನನ್ನ ಕೈಯಲ್ಲಿ ಇರಲಿಲ್ಲ.

ನೀನು ಬುದ್ಧಿ ಉಪಯೋಗಿಸಿಯೇ ಮಾಡಿದ್ದೆ, ಅದು ಆಮೇಲೆ ತಿಳಿಯಿತು. ನಿನ್ನ ನೋಟ್‌ಬುಕ್ಕಿನ ಹಾಳೆ ಊಟದ ಮೇಜಿನ ಮೇಲೆಯೇ ಇತ್ತು. ಐದಾರು ಕಿಲೋಮೀಟರ್ ಓಡಿಸಿ ಎಣ್ಣೆ ಬೆಚ್ಚಗಾಗಲು ಬಿಡುವುದು. ಡ್ರೈನ್ ಬಿಚ್ಚುವ ಮೊದಲು ಫಿಲ್ಲರ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳುವುದು, ಇಲ್ಲವಾದರೆ ಇದ್ದ ಎಣ್ಣೆ ಸುರಿದುಹೋಗಿ ಹೊಸದು ತುಂಬಲು ದಾರಿಯೇ ಇರುವುದಿಲ್ಲ. ಗೇರ್ ಆಯಿಲಿನ ದರ್ಜೆ ಜಿಎಲ್-4 ಎಂದು ಬರೆದು ಎರಡು ಗೆರೆ ಎಳೆದಿದ್ದೆ. ಅಂಗಡಿಯವನು ಹೆಚ್ಚಿನದು ಒಳ್ಳೆಯದು ಎಂದು ಜಿಎಲ್-5 ಕೊಟ್ಟರೆ ಅದರಲ್ಲಿ ಹೆಚ್ಚಿಗೆ ಇರುವ ಗಂಧಕ ಹಿತ್ತಾಳೆಯನ್ನು ತಿನ್ನಬಹುದು ಎಂದೂ ಬರೆದಿದ್ದೆ. ಇಷ್ಟು ವರ್ಷ ಓಡಿಸಿದ ನನಗೆ ಇದು ಗೊತ್ತಿರಲಿಲ್ಲ. ನಮ್ಮ ಬೀದಿ ಇಳಿಜಾರು, ವ್ಯಾನ್ ವಾಲಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ ಎಂದು ಪಕ್ಕದ ಕಟ್ಟಡದ ಮೇಸ್ತ್ರಿಯ ಹತ್ತಿರ ರಸಮಟ್ಟ ಇಸಿದುಕೊಂಡು ಬಂದು, ವ್ಯಾನಿನ ಒಳಗೆ ನೆಲದ ಮೇಲಿಟ್ಟು ಹಿಂಬದಿ ಎತ್ತಿ ಸಮ ಮಾಡಿದ್ದೀಯ. ಅದನ್ನು ಕೇಳಿ ಮೆಕ್ಯಾನಿಕ್ ತಲೆದೂಗಿದ.

ಆದರೆ ರಸಮಟ್ಟದ ಜತೆ ಅದೇ ಕಟ್ಟಡದಿಂದ ಹಾಲೋ ಬ್ಲಾಕ್ ತಂದು ಒಂದು ಕಡೆ ಅದನ್ನು ಕೊಟ್ಟು, ಇನ್ನೊಂದು ಕಡೆ ಬರೀ ಜಾಕಿನ ಮೇಲೆ ಬಿಟ್ಟಿದ್ದೆಯಲ್ಲ. ನೀನು ಎಂಜಿನಿಯರಿಂಗ್ ಓದಿದವಳು, ಆದರೂ ಹೇಳುತ್ತೇನೆ. ಹಾಲೋ ಬ್ಲಾಕ್ ಗೋಡೆಗೆ ಸರಿ. ಒಂದು ಮೂಲೆಗೆ ಭಾರ ಬಿದ್ದರೆ ಬಿರುಕು ಕೂಡ ತೋರಿಸದೆ ಒಮ್ಮೆಲೇ ಒಡೆದು ಪುಡಿಯಾಗುತ್ತದೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಇನ್ನೊಂದು: ಓಮ್ನಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರಿನಲ್ಲಿ ನಿಲ್ಲಿಸಿದರೂ ಹಿಡಿತ ಸಿಗುವುದು ಹಿಂದಿನ ಚಕ್ರಕ್ಕೇ. ಆ ಎರಡನ್ನೂ ನೀನು ನೆಲದಿಂದ ಎತ್ತಿಬಿಟ್ಟೆ. ಇಳಿಜಾರಿನಲ್ಲಿ ಆ ವ್ಯಾನನ್ನು ಹಿಡಿದಿದ್ದದ್ದು ಮುಂದಿನ ಚಕ್ರಕ್ಕೆ ಕೊಟ್ಟ ಎರಡು ಅರ್ಧ ಇಟ್ಟಿಗೆ. ನಿನ್ನ ಹಾಳೆಯಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ. ಸಮನಾದ ನೆಲ ಸಿಗದಿದ್ದರೆ ಆ ಕೆಲಸ ಅಂದು ಬೇಡ, ಅಷ್ಟೇ. ಪುಣೆಯಲ್ಲಿ ನಿನ್ನ ಕೆಲಸವೇ ವಾಹನಗಳ ನಡುವೆ. ಹೊಸಬಳು ಎಂದು ಯಾರಾದರೂ ಅವಸರ ಮಾಡಿಸಿದರೆ ಅವಸರ ಮಾಡಬೇಡ. ಏನಾದರೂ ವಾಲುವುದು ಕಂಡರೆ, ಅದು ನಿನ್ನ ಕೆಲಸವಾಗಿರಲಿ, ಬೇರೆಯವರದ್ದಾಗಿರಲಿ, ದೊಡ್ಡವರಿರಲಿ, ಚಿಕ್ಕವರಿರಲಿ, ಕೂಗು. ಆಮೇಲೆ ಬೈಸಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಪಾಳಿ ಇದ್ದರೆ ಕಂಪನಿಯ ವಾಹನದಲ್ಲೇ ಬಾ, ಕೂದಲು ಬಿಟ್ಟುಕೊಂಡು ಯಂತ್ರದ ಹತ್ತಿರ ಹೋಗಬೇಡ. ಇದನ್ನೆಲ್ಲ ಬರೆಯಬಾರದು ಎಂದುಕೊಂಡೇ ಕುಳಿತಿದ್ದೆ.

ಹಳೆಯ ಎಣ್ಣೆಯ ಕ್ಯಾನನ್ನು ಗ್ಯಾರೇಜಿಗೇ ಕೊಟ್ಟೆ, ಹಳೆಯ ಎಣ್ಣೆ ಸಂಗ್ರಹಿಸುವವರು ಅಲ್ಲಿಗೆ ಬರುತ್ತಾರೆ. ಎದುರು ಮನೆಯವರು "ಮೋರಿಗೆ ಸುರಿಯಿರಿ" ಎಂದರು. ನಮ್ಮ ಮೋರಿಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ ಹೋಗುತ್ತದೆ ಎಂದು ನೀನು ಶಾಲೆಯಲ್ಲಿದ್ದಾಗ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದೆಯಲ್ಲ, ಅದನ್ನೇ ಅವರಿಗೆ ಹೇಳಿದೆ.

ನಿನ್ನ ದಿಂಬಿನ ಕವರನ್ನು ಇನ್ನೂ ಒಗೆಯಲು ಹಾಕಿಲ್ಲ. ಗೇರ್ ಆಯಿಲ್ ವಾಸನೆ ಹಾಗೇ ಇದೆ. ತಲೆಗೆ ಸ್ನಾನ ಮಾಡಿದ್ದರೂ ಹೋಗಿಲ್ಲ ನೋಡು.

ಮೊನ್ನೆ ಜೆ.ಸಿ. ರಸ್ತೆಗೆ ಹೋಗಿ ಕಬ್ಬಿಣದ ಜಾಕ್ ಸ್ಟ್ಯಾಂಡ್ ಎರಡು ತಂದೆ. ಭಾರವಾಗಿವೆ, ಹೊತ್ತುಕೊಂಡು ಬಸ್ ಹತ್ತುವಷ್ಟರಲ್ಲಿ ಕೈ ಸೋತಿತು. ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ. ಹಿಂದಿನ ಎರಡು ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಎಣ್ಣೆ ಇನ್ನೂ ಹಳೆಯದೇ. ಮೆಕ್ಯಾನಿಕ್ ತಾನೇ ಬದಲಾಯಿಸುತ್ತೇನೆ ಎಂದ. ಇರಲಿ, ದೀಪಾವಳಿಗೆ ಮಗಳು ಬರುತ್ತಾಳೆ, ಗುಡ್ಡದ ಕೆಳಗೆ ಸಮನಾದ ಕಡೆ ನಿಲ್ಲಿಸಿ ಅವಳೇ ಮಾಡುತ್ತಾಳೆ, ನಾನು ಟಾರ್ಚ್ ಹಿಡಿಯುತ್ತೇನೆ ಎಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ರಜೆ ಸಿಗುತ್ತದೆಯೋ ಇಲ್ಲವೋ ಬರೆ.

ನಿನ್ನ
ಅಮ್ಮ